ಕಮಲಾಪುರದ ಸಹಿಗಳು

ಫೆ. 3, ಸೋಮವಾರ
ಮತ್ತೆ ಅದೇ ಫೈಲು. ಕಮಲಾಪುರದ ಅಕ್ಷರ ಶಿಬಿರ — ಮೂರು ವರ್ಷ, 142 ಹೆಂಗಸರು. ಪರಿಣಾಮದ ವರದಿ ಇಪ್ಪತ್ತರೊಳಗೆ ಬೇಕಂತೆ. ಕಾಲೇಜಿಗೆ ಗ್ರೇಡ್ ಕೊಡುವ ತಂಡ ಬರುತ್ತದೆ. ಪಾಠ ಮಾಡಿದವಳು ನಾನೇ, ಈಗ ಅಳೆಯುವವಳೂ ನಾನೇ. ಪ್ರಿನ್ಸಿಪಾಲ್ ಧರ್ಮರಾಜ ಸರ್‌ಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಫೆ. 6, ಸಂಜೆ
ಕಮಲಾಪುರಕ್ಕೆ ಬಸ್ಸಿನಲ್ಲಿ ನಿಂತೇ ಹೋದೆ. ಹನ್ನೊಂದು ಮನೆ. ಎಲ್ಲರೂ ಚಹಾ ಕೊಟ್ಟರು, ಹೆಸರು ಬರೆದು ತೋರಿಸಿದರು. ರೇಷನ್ ಕಾರ್ಡ್ ಕೊಟ್ಟು ಓದಿ ಎಂದೆ. ಒಬ್ಬರೂ ಓದಲಿಲ್ಲ... ವರ್ಷಕ್ಕೊಮ್ಮೆ ಹತ್ತು ದಿನದ ಶಿಬಿರ, ಸಹಿ ಬಂದರೆ ಸಾಕು ಎಂದು ಸರ್ ಹೇಳಿದ್ದರು. ನಾನೂ ಒಪ್ಪಿದ್ದೆ.

ಕೊನೆಗೆ ರೇವಮ್ಮ. ಬಾಳೆ ತೋಟದಲ್ಲಿ ಕೂಲಿ ಮಾಡುತ್ತಾಳೆ. ಶಿಬಿರದಲ್ಲಿ ಎಲ್ಲರಿಗಿಂತ ಮೊದಲು ಹೆಸರು ಬರೆದವಳು. ಅಪ್ಪನ ಹೊಲದಲ್ಲಿ ಅವಳಿಗೂ ಪಾಲಿತ್ತು. ದೀಪಾವಳಿಗೆ ಅಣ್ಣ ಕಾಶಿರಾಯ ಕಾಗದ ತಂದ, ಹೊಲದ ಖಾತೆ ಅಪ್ಪನ ಹೆಸರಿನಿಂದ ಬದಲಾಯಿಸಲು ಅಂದ, ಇವಳು ಸಹಿ ಮಾಡಿದಳು. ಅದು ಪಾಲು ಬಿಟ್ಟುಕೊಟ್ಟ ಪತ್ರ.

"ಮೊದಲಾಗಿದ್ರ ಹೆಬ್ಬಟ್ಟ ಒತ್ತೂ ಮುಂದ ಯಾರಿಗರ ಓದಿ ಹೇಳ್ರಿ ಅಂತಿದ್ದೆ. ಈಗ ಸಹಿ ಬರ್ತದಲ್ರೀ... ಕೇಳಾಕ ನಾಚಿಕಿ ಬಂತು."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೆ. 7
ಊಟ ಸೇರಲಿಲ್ಲ. ಏನಾಯ್ತು ಮಗಳೇ ಎಂದು ಅಮ್ಮಿ ಎರಡು ಸಲ ಕೇಳಿದಳು. ಕಾಲೇಜಿನ ಕೆಲಸ ಎಂದೆ.

ಫೆ. 14
ಮತ್ತೆ ಮೂರು ಸಲ ಕಮಲಾಪುರ. ಒಟ್ಟು 58 ಜನರನ್ನು ಕಂಡೆ. ಓದಬಲ್ಲವರು ಇಬ್ಬರು.

ವಕೀಲೆ ಅಂಜನಾಳ ಬಳಿ ಹೋಗಿದ್ದೆ. ಕೇಸು ಹಾಕಬಹುದಂತೆ. ಆದರೆ ರೇವಮ್ಮನಿಗೆ ಓದಲು ಬರುವುದಿಲ್ಲ ಎಂದು ತೋರಿಸಬೇಕು. ಎದುರಿನವರು ಶಿಬಿರದ ಕೊನೆಗೆ ನಾವು ಕೊಟ್ಟ ಸರ್ಟಿಫಿಕೇಟ್ ತರುತ್ತಾರೆ — 'ಓದು ಬರಹ ಬಲ್ಲವರು'. ಅದರ ಕೆಳಗೆ ನನ್ನ ಸಹಿ. ಆಸ್ಮಾ, ಶಿಬಿರದ ಸಂಚಾಲಕಿ.

ಫೆ. 18
ಕಂಡದ್ದನ್ನೇ ಬರೆದು ವರದಿ ಕೊಟ್ಟೆ. ಸರ್ ಪೂರ್ತಿ ಓದಿದರು. ದನಿ ಏರಿಸಲಿಲ್ಲ.

"ಮೇಡಂ, ಸರ್ಟಿಫಿಕೇಟಿಗಿ ಸಹಿ ಮಾಡಿದವರು ನೀವು. ನಾಳಿ ಕೇಳಿದ್ರ ಕಾಲೇಜು ನಿಮ್ಮ ಹಿಂದ ನಿಂದರೂದಿಲ್ಲ."

ತಿದ್ದಲು ಎರಡು ದಿನ ಕೊಟ್ಟಿದ್ದಾರೆ.

ಫೆ. 20, ಬೆಳಿಗ್ಗೆ 7
ತಿದ್ದಲಿಲ್ಲ. ಒಂದು ಸಾಲು ಸೇರಿಸಿದೆ: ಆ ಸರ್ಟಿಫಿಕೇಟ್‌ಗಳು ಸುಳ್ಳು, ಕೊಟ್ಟವಳು ನಾನು. ರಾತ್ರಿಯೇ ಸರ್‌ಗೆ ಕಳಿಸಿದೆ, ಒಂದು ಪ್ರತಿ ಅಂಜನಾಳಿಗೂ ಹೋಯಿತು.

ರೇವಮ್ಮನಿಗೆ ಫೋನ್ ಮಾಡಿ, ಅಂಜನಾ ಕೇಸು ನಡೆಸಲು ವಕಾಲತ್ತಿಗೆ ಸಹಿ ಬೇಕು, ಬರುತ್ತೇನೆ ಎಂದೆ.

"ಬರ್ರಿ. ಖರೆ, ಅದರಾಗ ಏನದ ಅಂತ ಓದಾಕ ಕಲಸ್ರಿ ಮೊದಲ. ಸಹಿ ಆಮ್ಯಾಲ."

ಏಳೂವರೆಗೆ ಬಸ್ಸು. ಎಲ್ಲಿಂದ ಶುರು ಮಾಡಲಿ — 'ಅ'ದಿಂದಲೋ, ಇಲ್ಲ ಆ ವಕಾಲತ್ತಿನ ಮೊದಲ ಸಾಲಿನಿಂದಲೋ?