ನನಗಿಲ್ಲದ ಕಾಯಿಲೆ

ಡೊಂಬಿವಲಿ ಪೂರ್ವ
20 ಫೆಬ್ರವರಿ 2014, ಗುರುವಾರ

ಪೂಜಿತಾಳ ಪಪ್ಪನಿಗೆ,

ಪ್ರಣೀತಾಳ ನಮಸ್ಕಾರ. ಹೇಗಿದ್ದೀರಿ? ಎಂಜಿನ್ ರೂಮಿನ ಸೆಕೆಗೆ ಕುತ್ತಿಗೆಯ ಮೇಲೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಹಡಗಿನ ಅಡುಗೆಯವನು ಈಗಲಾದರೂ ಅನ್ನ ಬೇಯಿಸಲು ಕಲಿತನೇ? ಸಿಟ್ಟಿನಲ್ಲಿ ಇದನ್ನೆಲ್ಲ ಕೇಳಬಾರದು ಅಂದುಕೊಂಡೇ ಕೂತೆ. ಹನ್ನೊಂದು ವರ್ಷದ ಅಭ್ಯಾಸ, ಕೈ ತಾನಾಗಿಯೇ ಬರೆಯಿತು. ಇಲ್ಲಿ ನಿಮ್ಮ ಅಮ್ಮನಿಗೆ ಚಳಿಗೆ ಮೊಣಕಾಲು ನೋವು ಹೆಚ್ಚಾಗಿತ್ತು, ಈಗ ಪರವಾಗಿಲ್ಲ. ಮಾಮಿ ನಾಲ್ಕು ಮಾಳಿಗೆಯ ಮೆಟ್ಟಿಲನ್ನು ಕೈ ಹಿಡಿಯದೆ ಇಳಿಯುತ್ತಾರೆ. ಪೂಜಿತಾ ಒಂದು ಇಂಚು ಬೆಳೆದಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಈಗಲೂ ಹಿಂದಿಯಲ್ಲೇ ಉತ್ತರ.

ಡಿಸೆಂಬರಿನಿಂದ ನಿಮ್ಮ ಫೋನ್ ಬಂದಾಗಲೆಲ್ಲ ಅವಳ ಕೈಗೆ ಕೊಟ್ಟು ನಾನು ಅಡುಗೆಮನೆಗೆ ಹೋಗುತ್ತಿರುವುದು ನಿಮಗೆ ಗೊತ್ತಾಗಿರುತ್ತದೆ. ಹಡಗಿನ ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನಿಮ್ಮ ಮಾತು ಮೇಲೆ ಬಂದು ಬೀಳುತ್ತದೆ. ಅದಕ್ಕೇ ಕಾಗದ. ನಿಮ್ಮ ಕಂಪನಿಯ ಬೇಲಾಪುರದ ಆಫೀಸಿಗೆ ಕೊಟ್ಟರೆ ಮುಂದಿನ ಬಂದರಿಗೆ ಮುಟ್ಟಿಸುತ್ತಾರಂತೆ. ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ನೀವು ಕೇಳಿದ್ದು ತುಂಡು ತುಂಡಾಗಿ, ಅದೂ ಮನಸ್ಸಿನಲ್ಲಿ ಬೇರೆ ಏನನ್ನೋ ಇಟ್ಟುಕೊಂಡು.

ಕಳೆದ ವರ್ಷ ಏಪ್ರಿಲ್‌ನಲ್ಲಿ ಪೂಜಿತಾಳನ್ನು ಕ್ರೀಡಾಸಂಕುಲದ ಈಜುಕೊಳಕ್ಕೆ ಸೇರಿಸಿದೆನಲ್ಲ, ಆಗ ನಾನು ದಿನಾ ಬೆಳಿಗ್ಗೆ ಟವೆಲ್ ಹಿಡಿದು ಬೆಂಚಿನ ಮೇಲೆ ಕೂತಿರುತ್ತಿದ್ದೆ. ಅಲ್ಲಿ ಕಲಿಸುವ ಬಾಗಿ ಟೀಚರ್ ವಿಜಾಪುರದ ಕಡೆಯವರು. ಒಂದು ದಿನ ನನ್ನ ಮುಂದೆ ಬಂದು ನಿಂತು, "ಸುಮ್ಮನ ಕುಂತು ಏನ್ ಮಾಡ್ತೀರಿ? ಇಳೀರಿ ನೀರಿಗೆ" ಅಂದರು. ಮೂವತ್ತಾರು ವರ್ಷಕ್ಕೆ ಇನ್ನೇನು ಈಜು ಅಂದೆ. "ನೀರಿಗೆ ನಿಮ್ಮ ವಯಸ್ಸು ಗೊತ್ತಾಗೂದಿಲ್ರಿ" ಅಂದರು. ಮೊದಲ ಹತ್ತು ದಿನ ಸರಳು ಹಿಡಿದು ಕಾಲು ಬಡಿದದ್ದೇ ಬಡಿದದ್ದು. ಹನ್ನೊಂದನೆಯ ದಿನ ಕಾಲು ನೆಲ ಬಿಟ್ಟಿತು, ಮುಳುಗಲಿಲ್ಲ. ನಿಮಗೆ ಅದು ಸಣ್ಣ ವಿಷಯ, ಸಮುದ್ರದ ಮೇಲೆ ಇರುವವರು. ಹದಿನಾಲ್ಕು ವರ್ಷದಿಂದ ಠಾಣೆಯ ಆಫೀಸಿಗೆ ಲೋಕಲ್ ಟ್ರೈನಿನಲ್ಲಿ ಯಾರದೋ ಮೊಣಕೈ ಪಕ್ಕೆಲುಬಿಗೆ ಒತ್ತಿಸಿಕೊಂಡು ನಿಂತೇ ಹೋಗಿ ಬರುವ ನನಗೆ ಸುತ್ತ ಯಾರೂ ತಾಗದ ಅಷ್ಟು ಜಾಗ ಅಲ್ಲಿಯವರೆಗೆ ಸಿಕ್ಕಿರಲೇ ಇಲ್ಲ.

ಟ್ರಯಾಥ್ಲಾನ್ ಅನ್ನುವ ಶಬ್ದವನ್ನು ನಮ್ಮ ಕಿವಿಗೆ ಹಾಕಿದವರೂ ಬಾಗಿ ಟೀಚರೇ. ಈಜು, ಅದು ಮುಗಿದ ಕೂಡಲೇ ಸೈಕಲ್, ಸೈಕಲಿನಿಂದ ಇಳಿದ ಕೂಡಲೇ ಓಟ. ಮೊದಲ ಸಲ ಮಾಡುವವರಿಗೆ ಅಂತಲೇ ನೇರೂಳಿನಲ್ಲಿ ಡಿಸೆಂಬರ್ ಎಂಟಕ್ಕೆ ಒಂದು ಇದೆ ಅಂದರು: ಈಜುಕೊಳದಲ್ಲಿ ತುದಿಯಿಂದ ತುದಿಗೆ ಹದಿನಾರು ಸಲ, ಪಾಮ್ ಬೀಚ್ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಸೈಕಲ್, ಐದು ಕಿಲೋಮೀಟರ್ ಓಟ. ನಾನು ಮತ್ತು ನನ್ನ ಟ್ರೈನಿನ ಗೆಳತಿ ಶ್ರೀಮತಿ ಇಬ್ಬರೂ ಹೆಸರು ಕೊಟ್ಟೆವು. ಕೆಳಗಿನ ಮನೆಯವರ ಮಗ ಬಿಟ್ಟುಹೋಗಿದ್ದ ಸೈಕಲನ್ನು ರಿಪೇರಿ ಮಾಡಿಸಿದೆ. ಬೆಳಿಗ್ಗೆ ಲಾರಿಗಳು ಏಳುವ ಮೊದಲು ಶೀಲ್ ರಸ್ತೆಯಲ್ಲಿ ಹೋಗಿ ಬರುವುದು, ಆಮೇಲೆ ಡಬ್ಬಿ ಕಟ್ಟಿ ಎಂಟು ಹನ್ನೆರಡರ ಫಾಸ್ಟ್ ಲೋಕಲ್ ಹಿಡಿಯುವುದು. ಮಾಮಿ ಮೊದಮೊದಲು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ತಿಂಗಳಾದ ಮೇಲೆ ನಾನು ಏಳುವ ಮೊದಲೇ ಎದ್ದು ರಾಗಿ ಗಂಜಿ ಕುದಿಸಿ ಇಡತೊಡಗಿದರು. ಸೊಸೆ ಚಡ್ಡಿ ಹಾಕಿಕೊಂಡು ಓಡುತ್ತಾಳೆ ಅಂತ ಕಟ್ಟಡದ ಸೊಸೈಟಿಯಲ್ಲಿ ಯಾರೋ ಅಂದದ್ದಕ್ಕೆ, ಅವಳು ಓಡುವುದು ಅವಳ ಕಾಲಿನಲ್ಲಿ, ನಿಮಗೆ ಯಾಕೆ ನೋವು ಅಂತ ಕೇಳಿ ಬಂದಿದ್ದರಂತೆ.

ಇದನ್ನೆಲ್ಲ ನಿಮಗೆ ಹೇಳುತ್ತಿದ್ದೆ. ನಿಮಗೆ ಹೇಳದ ಒಂದು ದಿನವೂ ನನಗೆ ಪೂರ್ತಿ ಅನಿಸುತ್ತಿರಲಿಲ್ಲ. ಸಿಂಗಾಪುರದಿಂದ ಮಾತಾಡುವಾಗ, ನೀರೊಳಗೆ ಉಸಿರು ಹಿಡಿಯಬೇಡ, ಮೂಗಿನಿಂದ ಮೆಲ್ಲಗೆ ಬಿಡುತ್ತಾ ಇರು ಅಂತ ಹೇಳಿಕೊಟ್ಟವರು ನೀವು. ನೀರಿಗೆ ಹಾಳಾಗದ ಗಡಿಯಾರ ಕಳಿಸಿದವರು ನೀವು. "ನನಗೆ ಎಷ್ಟು ಹೆಮ್ಮೆ ಗೊತ್ತಾ, ಪ್ರಣೀ" ಅಂದಿರಿ. ಆ ರಾತ್ರಿ ಅದನ್ನು ಮಾಮಿಗೆ ಎರಡು ಸಲ ಹೇಳಿದ್ದೆ. ನವೆಂಬರ್ ಕೊನೆಗೆ ನೀವು ಸಂಘಟಕರ ಇಮೇಲ್ ವಿಳಾಸ ಕೇಳಿದಿರಿ. ರಿಸಲ್ಟ್ ನೋಡುವುದಕ್ಕೆ ಅಂದಿರಿ. ಲೈನ್ ಸರಿಯಿರಲಿಲ್ಲ, ನಾನು ಒಂದೊಂದೇ ಅಕ್ಷರ ಬಿಡಿಸಿ, ಎಂ ಫಾರ್ ಮದರ್ ಅಂತೆಲ್ಲ ಕೂಗಿ ಬರೆಸಿದೆ. ನೀವು ಬರೆದುಕೊಂಡದ್ದನ್ನು ಓದಿ ಹೇಳಿದಿರಿ. ಒಂದು ಅಕ್ಷರ ತಪ್ಪಿತ್ತು, ಅದನ್ನೂ ನಾನೇ ತಿದ್ದಿದೆ.

ಎಂಟನೆಯ ತಾರೀಖು ನಾವು ಮೂರೂ ಜನ ಬೆಳಿಗ್ಗೆ ಐದೂವರೆಗೆ ನೇರೂಳಿನಲ್ಲಿದ್ದೆವು. ಮಾಮಿಯ ಚೀಲದಲ್ಲಿ ಬೇಯಿಸಿದ ನೇಂದ್ರಬಾಳೆ, ಅವಲಕ್ಕಿ. ಪೂಜಿತಾಳ ಕೈಯಲ್ಲಿ ಬಣ್ಣದಲ್ಲಿ ನನ್ನ ಹೆಸರು ಬರೆದು ತಂದ ರಟ್ಟು. ನಾನು ಈಜುಡುಗೆ ಹಾಕಿ ಮೇಲೆ ಟವೆಲ್ ಹೊದ್ದು ನಂಬರ್ ತೆಗೆದುಕೊಳ್ಳಲು ಸಾಲಿನಲ್ಲಿ ನಿಂತೆ. ಮುಂದಿದ್ದ ಶ್ರೀಮತಿಗೆ ಕೊಟ್ಟರು. ನನ್ನ ಹೆಸರು ಬಂದಾಗ ನಂಬರ್ ಕೊಡುತ್ತಿದ್ದ ಹುಡುಗಿ ಪಟ್ಟಿ ನೋಡಿ ಯಾರನ್ನೋ ಕರೆದಳು. ಬಂದವರು ಸರ್ವೋತ್ತಮ ಅಂತ, ಸಂಘಟಕರಲ್ಲಿ ಹಿರಿಯರು, ಕುಂದಾಪುರದ ಕಡೆಯವರು. ನನ್ನನ್ನು ಪಕ್ಕಕ್ಕೆ ಕರೆದು, ಕನ್ನಡದವರು ಅಂತ ಗೊತ್ತಾದ ಮೇಲೆ ಇನ್ನೂ ಮೆಲುದನಿಯಲ್ಲಿ, ಡಾಕ್ಟರ ಸರ್ಟಿಫಿಕೇಟ್ ತಂದಿದ್ದೀರಾ ಅಂತ ಕೇಳಿದರು. ಯಾವ ಸರ್ಟಿಫಿಕೇಟ್ ಅಂದೆ. ಫೈಲಿನಿಂದ ಒಂದು ಪ್ರಿಂಟ್ ತೆಗೆದು ಕೊಟ್ಟರು.

ನೀವು ಬರೆದದ್ದು ನಿಮಗೆ ನೆನಪಿರಬಹುದು. ಆದರೂ ಬರೆಯುತ್ತೇನೆ, ನನ್ನ ಕೈಬರಹದಲ್ಲಿ ಅದು ಹೇಗೆ ಕಾಣುತ್ತದೆ ಅಂತ ನೋಡಿ. ನನ್ನ ಹೆಂಡತಿಗೆ ಬಹಳ ವರ್ಷದಿಂದ ಫಿಟ್ಸ್ ಇದೆ. ಅವಳು ಅದನ್ನು ಎಲ್ಲರಿಂದ ಮುಚ್ಚಿಡುತ್ತಾಳೆ, ಕೇಳಿದರೂ ಒಪ್ಪುವುದಿಲ್ಲ. ಹತ್ತು ವರ್ಷದ ಮಗಳ ಮುಖ ನೋಡಿಯಾದರೂ ಅವಳನ್ನು ನೀರಿಗೆ ಇಳಿಸಬೇಡಿ. ನಾನು ಬರೆದೆನೆಂದು ಅವಳಿಗೆ ತಿಳಿಸಬೇಡಿ.

ಮೊದಲು ನಾನು ಇದು ಬೇರೆ ಯಾರದೋ ಕಿಡಿಗೇಡಿತನ ಅಂದೆ. ನನ್ನ ಯಜಮಾನರೇ ಈಜು ಹೇಳಿಕೊಟ್ಟವರು ಅಂದೆ. ಸರ್ವೋತ್ತಮರು ಮೇಲಿದ್ದ ವಿಳಾಸ ತೋರಿಸಿದರು. ನಿಮ್ಮದೇ. ಆಮೇಲೆ ನಾನು ನನಗೆ ಫಿಟ್ಸ್ ಇಲ್ಲ, ಯಾವತ್ತೂ ಬಂದಿಲ್ಲ ಅಂದೆ. ಅವರು ಬಹಳ ಕನಿಕರದಿಂದ ನನ್ನ ಮುಖ ನೋಡಿದರು. ಆಗ ನನಗೆ ಅರ್ಥವಾಯಿತು. ಅವಳು ಒಪ್ಪುವುದಿಲ್ಲ ಅಂತ ನೀವು ಮೊದಲೇ ಬರೆದಿಟ್ಟಿದ್ದಿರಲ್ಲ, ನಾನು ಇಲ್ಲ ಅಂದಷ್ಟೂ ನಿಮ್ಮ ಮಾತು ನಿಜವಾಗುತ್ತಿತ್ತು. ಇಂಥ ಜಾಣತನ ನಿಮ್ಮಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ.

ಮಾಮಿ ಹತ್ತಿರ ಬಂದರು. ಏನು ವಿಷಯ ಅಂತ ಕೇಳಿ ತಿಳಿದು ಸರ್ವೋತ್ತಮರಿಗೆ, "ಹನ್ನೊಂದು ವರ್ಷದಿಂದ ಇವಳೂ ನಾನೂ ಒಂದೇ ಮನೆಯಲ್ಲಿದ್ದೇವೆ. ಇವಳಿಗೆ ಎಷ್ಟು ಸಲ ಶೀತ ಆಗಿದೆ ಅಂತ ಕೂಡ ನಾನು ಹೇಳಬಲ್ಲೆ. ಆ ಕಾಯಿಲೆ ಇಲ್ಲ" ಅಂದರು. ಅವರು ಕೈಮುಗಿದು, ಅಮ್ಮಾ, ಜೀವದ ಪ್ರಶ್ನೆ, ನನ್ನ ಕೈಯಲ್ಲಿಲ್ಲ ಅಂದರು. ತಪ್ಪು ಅವರದಲ್ಲ. ಅವರ ಜಾಗದಲ್ಲಿ ಇದ್ದರೆ ನಾನೂ ಬಿಡುತ್ತಿರಲಿಲ್ಲ. ಮಾಮಿ ನನ್ನ ಕಡೆ ತಿರುಗಿ, ಯಾರು ಬರೆದದ್ದು ಅಂತ ಕೇಳಿದರು. ನಿಮ್ಮ ಮಗ ಅಂದೆ. ಅವರು ಅಲ್ಲೇ ಪಾರ್ಕಿಂಗಿನ ಕಟ್ಟೆಯ ಮೇಲೆ ಚೀಲ ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟರು. ಪೂಜಿತಾ ನನ್ನ ಟವೆಲ್ ಎಳೆದು, "ಮಮ್ಮಿ, ಫಿಟ್ಸ್ ಮತ್ಲಬ್ ಕ್ಯಾ?" ಅಂತ ಅದರ ಅರ್ಥ ಕೇಳಿದಳು.

ಸೀಟಿ ಊದಿದರು. ಕೊನೆಯ ಹೆಂಗಸು ನೀರಿನಿಂದ ಮೇಲೆ ಬರುವವರೆಗೂ ನಾನು ಬೇಲಿಯ ಹೊರಗೆ ನಿಂತು ನೋಡಿದೆ. ಆಕೆಗೆ ಐವತ್ತರ ಮೇಲಿರಬೇಕು, ಏಣಿ ಹತ್ತುವಾಗ ಕಾಲು ನಡುಗುತ್ತಿತ್ತು, ನಗುತ್ತಿದ್ದರು. ಆಮೇಲೆ ಮಾಮಿ ಎದ್ದು ಬಂದು ನನ್ನ ಭುಜ ಮುಟ್ಟಿ "ಬಲ, ಪೋಯಿ" ಅಂದರು. ಬಾ, ಹೋಗೋಣ.

ಬುಧವಾರ ನಿಮ್ಮ ಫೋನ್ ಬಂತು. ರೇಸ್ ಹೇಗಾಯಿತು ಅಂತ ಕೇಳಿದಿರಿ. ಆ ಪ್ರಶ್ನೆ ಒಂದನ್ನು ನೀವು ಕೇಳದೆ ಇದ್ದಿದ್ದರೆ ಉಳಿದದ್ದನ್ನೆಲ್ಲ ನಾನು ಹೇಗಾದರೂ ನುಂಗಿಕೊಳ್ಳುತ್ತಿದ್ದೆನೋ ಏನೋ. ನಿಮ್ಮ ಕಾಗದ ಓದಿದೆ ಅಂದೆ. ಆಮೇಲೆ ನೀವು, "ನನಗೆ ಹೆದರಿಕೆ ಆಯಿತು, ಪ್ರಣೀ" ಅಂದಿರಿ. ಎರಡು ವರ್ಷದ ಹಿಂದೆ ನಿಮ್ಮ ಜೊತೆಯ ಶಂಕ್ರೆಪ್ಪ ಅನ್ನುವವನು ಹಡಗಿನಿಂದ ಬಿದ್ದದ್ದು, ನೀವೆಲ್ಲ ದೀಪ ಹಾಕಿ ಹುಡುಕಿದ್ದು, ಅವನ ಕೈ ಒಂದು ಸಲ ಮಾತ್ರ ಮೇಲೆ ಕಂಡದ್ದು, ಅಂದಿನಿಂದ ನಾನು ನೀರು ಅಂದಾಗಲೆಲ್ಲ ನಿಮಗೆ ಆ ಕೈ ಕಾಣುವುದು, ಎಲ್ಲ ಹೇಳಿದಿರಿ. ಅದು ಸುಳ್ಳಲ್ಲ ಅಂತ ನಿಮ್ಮ ಸ್ವರದಲ್ಲೇ ಗೊತ್ತಾಯಿತು. ನನಗೆ ಅಳು ಬಂತು. ಆ ಸಲ ರಜೆಗೆ ಬಂದವರು ಮೂರು ತಿಂಗಳು ಪಕ್ಕದಲ್ಲಿ ಮಲಗಿದ್ದರೂ ನನಗೆ ಇದನ್ನು ಹೇಳಲಿಲ್ಲವಲ್ಲ. ಹೇಳಿ, ಇಳಿಯಬೇಡ ಅಂದಿದ್ದರೆ ನಾನು ಜಗಳ ಆಡುತ್ತಿದ್ದೆ. ಬಹುಶಃ ಕೊನೆಗೆ ಬಿಟ್ಟೂ ಬಿಡುತ್ತಿದ್ದೆ. ಆದರೆ ನೀವು ನನಗೆ ಹೆಮ್ಮೆ ಅಂದಿರಿ, ಗಡಿಯಾರ ಕಳಿಸಿದಿರಿ, ಆಮೇಲೆ ನನಗಿಲ್ಲದ ಕಾಯಿಲೆಯನ್ನು ಊರಿನವರ ಮುಂದೆ ನನ್ನ ಮೈಮೇಲೆ ಹಾಕಿದಿರಿ. ಫೋನ್ ಇಡುವ ಮೊದಲು "ಅಮ್ಮನಿಗೆ ಹೇಳಬೇಡ" ಅಂದಿರಿ. ಅವರು ನನ್ನ ಎದುರಿಗೇ ಕೂತು ಬೀನ್ಸ್ ಮುರಿಯುತ್ತಿದ್ದರು.

ಒಂದು ಕಾಗದ ಎಷ್ಟು ದೂರ ಹೋಗುತ್ತದೆ ಅಂತ ನಿಮಗೆ ಗೊತ್ತಿಲ್ಲ. ಶ್ರೀಮತಿ ಈಗ ನನ್ನನ್ನು ಟ್ರೈನಿನ ಬಾಗಿಲಿನ ಹತ್ತಿರ ನಿಲ್ಲಲು ಬಿಡುವುದಿಲ್ಲ. ಮುಂಬ್ರಾ ದಾಟುವಾಗ ಖಾಡಿಯ ಹಿನ್ನೀರಿನ ಗಾಳಿಗೆ ಮುಖ ಒಡ್ಡಿ ನಿಲ್ಲುವುದು ನನಗೆ ಎಷ್ಟು ಇಷ್ಟ, ಅವಳಿಗೂ ಗೊತ್ತು. ಆದರೂ ತೋಳು ಹಿಡಿದು ಒಳಗೆ ಎಳೆಯುತ್ತಾಳೆ. ಅವಳದು ಪ್ರೀತಿಯೇ. ಅವಳ ಬಾಯಿಂದ ಆಫೀಸಿಗೂ ಹೋಯಿತು. ಮೇಜಿನ ಮೇಲೆ ತಲೆಯಿಟ್ಟು ಎರಡು ನಿಮಿಷ ಕಣ್ಣು ಮುಚ್ಚಿದರೆ ಯಾರಾದರೂ ಓಡಿ ಬರುತ್ತಾರೆ. ಕೊನೆಗೆ ಜನವರಿಯಲ್ಲಿ ಒಂದು ದಿನ ರಜೆ ಹಾಕಿ ಠಾಣೆಯಲ್ಲಿ ನರದ ಡಾಕ್ಟರ ಹತ್ತಿರ ಹೋದೆ. ತಲೆಯ ತುಂಬ ಅಂಟು ಹಚ್ಚಿ ವೈರ್ ಸಿಕ್ಕಿಸಿದರು. ಏನಾಗುತ್ತದೆ ಅಂತ ಡಾಕ್ಟರು ಕೇಳಿದರು. ಏನೂ ಆಗುವುದಿಲ್ಲ ಅಂದೆ. ಮತ್ತೆ ಯಾಕೆ ಬಂದಿರಿ ಅಂದರು. ಜೊತೆಗೆ ಬಂದಿದ್ದ ಮಾಮಿ, ನಮ್ಮ ಮನೆಯವರ ತಪ್ಪಿನಿಂದ ಅಂದರು. ಎಲ್ಲ ಸರಿಯಿದೆ ಅಂತ ಬರೆದುಕೊಟ್ಟರು. ಕೂದಲಿನ ಅಂಟು ಹೋಗಲು ಎರಡು ದಿನ ಬೇಕಾಯಿತು.

ಇನ್ನೊಂದು ಹೇಳಬೇಕು, ಹೇಳಲು ನನಗೇ ನಾಚಿಕೆ. ಮದುವೆಯಾದ ಐದನೆಯ ವರ್ಷ ವಾಶಿಯಲ್ಲಿ ಒಂದು ಒಳ್ಳೆಯ ಕೆಲಸಕ್ಕೆ ಅರ್ಜಿ ಹಾಕಿದ್ದೆ, ಉತ್ತರ ಬರಲಿಲ್ಲ. ಆ ಲಕೋಟೆಯನ್ನು ಪೋಸ್ಟ್ ಮಾಡುತ್ತೇನೆ ಅಂತ ತೆಗೆದುಕೊಂಡು ಹೋದವರು ನೀವು. ಆರು ವರ್ಷ ಅದರ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಈಗ ಯೋಚಿಸುತ್ತೇನೆ. ನೀವು ಖಂಡಿತ ಅಂಚೆ ಡಬ್ಬಿಗೆ ಹಾಕಿರುತ್ತೀರಿ, ನಾನು ಕೇಳುವುದೂ ಇಲ್ಲ. ಆದರೆ ನಿಮ್ಮ ಹಳೆಯ ಒಳ್ಳೆಯ ಮಾತುಗಳನ್ನೆಲ್ಲ ಒಂದೊಂದಾಗಿ ತೆಗೆದು ತಿರುವಿ ನೋಡುವ ಹಾಗೆ ಮಾಡಿಬಿಟ್ಟಿರಿ. ಈಜು ತಪ್ಪಿದ್ದಕ್ಕಿಂತ ನನಗೆ ಇದು ಹೆಚ್ಚು.

ಮೊನ್ನೆ ಭಾನುವಾರ, ಹದಿನಾರಕ್ಕೆ, ಬೇರೆ ಸಂಘದವರ ಟ್ರಯಾಥ್ಲಾನ್ ಇತ್ತು. ಬಾಗಿ ಟೀಚರ್ ತಾವೇ ಹೋಗಿ ಡಾಕ್ಟರ ಕಾಗದ ತೋರಿಸಿ ನನ್ನ ಹೆಸರು ಬರೆಸಿದ್ದರು. ಈಜುಕೊಳದ ಒಂಬತ್ತನೆಯ ಸುತ್ತಿನಲ್ಲಿ ನೀರು ಕುಡಿದು ಹಗ್ಗ ಹಿಡಿದೆ. ಪಕ್ಕದಲ್ಲಿ ನಿಂತಿದ್ದ ಹುಡುಗಿ ಹೊರಗೆ ಬರುತ್ತೀರಾ ಅಂತ ಕೇಳಿದಳು. ಇಲ್ಲ ಅಂದೆ, ಉಸಿರು ಸರಿಮಾಡಿಕೊಂಡು ಹೊರಟೆ. ಪಾಮ್ ಬೀಚ್ ರಸ್ತೆಯಲ್ಲಿ ಎದುರುಗಾಳಿ, ತೊಡೆ ಉರಿಯುತ್ತಿತ್ತು. ಓಟದಲ್ಲಿ ಅರ್ಧ ಕಿಲೋಮೀಟರ್ ನಡೆದೆ, ಅದನ್ನು ಮುಚ್ಚಿಡುವುದಿಲ್ಲ. ಮುಗಿಸಿದಾಗ ನನ್ನ ಹಿಂದೆ ಇಬ್ಬರು ಮಾತ್ರ ಇದ್ದರು. ಮಾಮಿ ಮತ್ತು ಪೂಜಿತಾ ಗೆರೆಯ ಆಚೆ ನಿಂತಿದ್ದರು. ಗೆರೆ ದಾಟಿದ ಕೂಡಲೇ ನನಗೆ ಬಂದ ಮೊದಲ ಯೋಚನೆ, ಇವತ್ತು ನಿಮ್ಮ ಫೋನ್ ಬಂದರೆ ಮೊದಲು ಇದನ್ನೇ ಹೇಳಬೇಕು ಅಂತ. ಎರಡು ಹೆಜ್ಜೆ ಹಾಕುವಷ್ಟರಲ್ಲಿ ನೆನಪಾಯಿತು.

ನೀವು ಏಪ್ರಿಲ್‌ನಲ್ಲಿ ಬನ್ನಿ. ಇದು ನಿಮ್ಮ ಮನೆ, ಮಗಳು ದಿನ ಎಣಿಸುತ್ತಿದ್ದಾಳೆ. ಆದರೆ ಬರುವ ಮೊದಲು ಸರ್ವೋತ್ತಮರಿಗೆ ಬರೆಯಿರಿ, ನಾನು ಬರೆದದ್ದು ಸುಳ್ಳು, ನನ್ನ ಹೆಂಡತಿ ಏನನ್ನೂ ಮುಚ್ಚಿಟ್ಟಿಲ್ಲ ಅಂತ. ವಿಳಾಸ ನಿಮ್ಮ ಹತ್ತಿರ ಇದೆ. ಅವರು ಅದನ್ನು ನನಗೆ ತೋರಿಸಿದ ದಿನದಿಂದ ನಾನು ನಿಮ್ಮ ಜೊತೆ ಫೋನಿನಲ್ಲಿ ಮಾತಾಡುತ್ತೇನೆ. ಬಂದ ಮೇಲೆ ಶಂಕ್ರೆಪ್ಪನ ವಿಷಯ ಪೂರ್ತಿ ಹೇಳಿ, ಕೂತು ಕೇಳುತ್ತೇನೆ. ಅಂಥದ್ದನ್ನು ಒಬ್ಬರೇ ಇಟ್ಟುಕೊಳ್ಳಬಾರದು.

ಮೈ ಕಡೆ ಜಾಗ್ರತೆ. ಡೆಕ್ಕಿನ ಮೇಲೆ ಓಡಾಡುವಾಗ ಹಗ್ಗ ಕಟ್ಟಿಕೊಳ್ಳಿ. ಮಾಮಿ ಆಶೀರ್ವಾದ ತಿಳಿಸು ಅಂತ ಹೇಳಲಿಲ್ಲ, ನಾನೇ ಬರೆಯುತ್ತಿದ್ದೇನೆ, ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಪೂಜಿತಾಳ ಮುದ್ದು.

ಇಂತಿ,
ಪ್ರಣೀತಾ

ಮರೆತಿದ್ದೆ, ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ: ಮೊನ್ನೆಯ ಫಾರ್ಮಿನಲ್ಲಿ, ಏನಾದರೂ ಆದರೆ ಮೊದಲು ಯಾರಿಗೆ ತಿಳಿಸಬೇಕು ಅಂತ ಒಂದು ಸಾಲು ಇತ್ತು. ಬ್ಯಾಂಕು, ಗ್ಯಾಸು, ಪೂಜಿತಾಳ ಸ್ಕೂಲು, ಎಲ್ಲಾ ಕಡೆ ಇಷ್ಟು ವರ್ಷ ಆ ಸಾಲಿನಲ್ಲಿ ನಿಮ್ಮ ಹೆಸರನ್ನೇ ಬರೆದಿದ್ದೇನೆ. ಈ ಸಲ ರತ್ನಾವತಿ ಅಂತ ಬರೆದು ನಿಮ್ಮ ಅಮ್ಮನ ಮೊಬೈಲ್ ನಂಬರ್ ಕೊಟ್ಟೆ. ಅವರನ್ನು ಕೇಳಿಯೇ ಕೊಟ್ಟೆ. ಈಗ ದಿನಾ ಮಲಗುವ ಮೊದಲು ತಾವೇ ಅದನ್ನು ಚಾರ್ಜಿಗೆ ಹಾಕುತ್ತಾರೆ.