ಹೆಸರು ಬರೆಯದ ಪುಸ್ತಕಗಳು

ಸರ್ಕಾರಿ ವಸತಿ ಗೃಹಗಳ ಮಾನ್ಯ ಅಧಿಕಾರಿಗಳೇ,

ನೀವು ಮೂರು ಚೀಲ ರದ್ದಿ ಎಂದು ಬರೆದು ಸಾಗಹಾಕಿದ್ದು ತೀರಿಹೋದ ಮಲ್ಲಿಕಾರ್ಜುನರ ಆಸ್ತಿಯಲ್ಲ. ಆ ಚೀಲಗಳಲ್ಲಿ ಅವರದೆನ್ನುವ ಪುಸ್ತಕ ಒಂದೂ ಇರಲಿಲ್ಲ, ಎಲ್ಲವೂ ನಮ್ಮವು. ಇದನ್ನು ತೆಲುಗಿನಲ್ಲಿ ಎರಡು ಸಲ ಅರ್ಜಿ ಬರೆದು ತಿಳಿಸಿದೆ, ಉತ್ತರ ಬರಲಿಲ್ಲ. ಆದ್ದರಿಂದ ಈ ಸಲ ಕನ್ನಡದಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಪಟ್ಟಿಯಲ್ಲಿ ‘ಅನ್ಯಭಾಷೆಯ ಹಳೆ ಕಾಗದ’ ಎಂಬ ಕಲಂ ಇದೆಯಲ್ಲ, ಈ ಪತ್ರಕ್ಕೂ ಅಲ್ಲೇ ಜಾಗ ಸಿಕ್ಕೀತು.

ಹೈದರಾಬಾದಿನಲ್ಲಿ ಕನ್ನಡ ಓದುವ ಹನ್ನೊಂದು ಮಂದಿ ನಾವು. ನಮಗೆ ಕಟ್ಟಡವಿಲ್ಲ, ರಿಜಿಸ್ಟರಿಲ್ಲ. ಇದ್ದದ್ದು ಒಂದೇ ಕಟ್ಟಳೆ: ನಿಮ್ಮ ಪುಸ್ತಕ ನಿಮ್ಮ ಮನೆಯಲ್ಲಿ ಇರಬಾರದು. ತಿಂಗಳ ಎರಡನೇ ಭಾನುವಾರ ಮಲ್ಲಿಕಾರ್ಜುನರ ಕ್ವಾರ್ಟರ್ಸಿನಲ್ಲಿ ಸೇರುತ್ತಿದ್ದೆವು. ಓದಿದ್ದನ್ನು ಅಲ್ಲಿಟ್ಟು ಓದದ್ದನ್ನು ಒಯ್ಯುತ್ತಿದ್ದೆವು. ಅವರ ಪುಸ್ತಕಗಳೆಲ್ಲ ನಮ್ಮ ಮನೆಗಳಲ್ಲಿ, ನಮ್ಮವು ಅವರ ಮನೆಯಲ್ಲಿ. ಮೊದಲ ಪುಟದಲ್ಲಿ ಹೆಸರು ಬರೆಯಲು ಹೋದರೆ ಅವರು ಪೆನ್ನು ಕಸಿಯುತ್ತಿದ್ದರು. “ಹೆಸರು ಬರದ್ರ ಅದಕ್ಕ ಮನಿ ನೆನಪಾಗತೈತ್ರಿ. ಅಡ್ಡಾಡ್ಲಿ ಬಿಡ್ರಿ.”

ಅವರ ನಿವೃತ್ತಿಗೆ ಇನ್ನೂ ಒಂದು ವರ್ಷವಿತ್ತು. ಒಂಟಿ ಮನುಷ್ಯ, ಆಸ್ಪತ್ರೆ ಸೇರಿದವರು ಮರಳಲಿಲ್ಲ. ಅವರ ತಮ್ಮ ಊರಿನಿಂದ ಬಂದು ಮಂಚ, ಪಾತ್ರೆ ಒಯ್ದು ಸಹಿ ಹಾಕಿದರಂತೆ. ನಾವು ಮಾತ್ರ ಮರ್ಯಾದಸ್ಥರ ಹಾಗೆ ಎರಡನೇ ಭಾನುವಾರಕ್ಕೆ ಕಾದೆವು! ಅಂದು ಹೋದರೆ ಗೋಡೆಗೆ ಹೊಸ ಸುಣ್ಣ, ಬಾಗಿಲಿಗೆ ಹೊಸ ಬೀಗ. ರಸ್ತೆಯ ಹೊಂಡ ಮುಚ್ಚಲು ಈ ಊರಿನಲ್ಲಿ ಎರಡು ಮಳೆಗಾಲ ಬೇಕು. ಸತ್ತವನ ಮನೆ ತೆರವಿಗೆ ನಿಮಗೆ ಸಾಕಾದದ್ದು ಹನ್ನೆರಡು ದಿನ.

ಮರುದಿನ ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ತಲೆ ಎತ್ತದೆ ಕೇಳಿದರು: “ರಸೀದು ಉಂದಾ ಅಮ್ಮಾ?” ರಸೀದಿ ಎಲ್ಲಿಂದ ತರಲಿ? ಪುಸ್ತಕದ ಮೇಲೆ ಹೆಸರಾದರೂ ಇತ್ತೇ ಎಂದರು. ಇರಲಿಲ್ಲ ಎಂದೆ. ಅವರು ನಕ್ಕರು. ತಪ್ಪು ನಮ್ಮದೇ ಇರಬಹುದು. ಆದರೆ ಕೊಟ್ಟ ಪುಸ್ತಕ ಮರಳಿ ಬರುತ್ತದೆ ಎಂದು ಹನ್ನೊಂದು ಮಂದಿ ಒಂಬತ್ತು ವರ್ಷ ನಂಬಿದ್ದು ಅಷ್ಟು ನಗುವ ವಿಷಯವೇ?

ನನ್ನ ಜೊತೆ ನಮ್ಮ ಬಳಗದ ಬೂದೆಪ್ಪ ಬಂದಿದ್ದ. ರಾಯಚೂರು ಕಡೆಯವನು, ಪಟಾನ್‌ಚೆರುವಿನಲ್ಲಿ ಗಾರೆ ಕೆಲಸ. ಭಾನುವಾರ ಎರಡು ಬಸ್ಸು ಬದಲಿಸಿ ಬರುತ್ತಿದ್ದ. ಮೆಟ್ಟಿಲಿಳಿಯುವಾಗ ಹೇಳಿದ: “ಅಕ್ಕಾರ, ನಂದು ಇದ್ದದ್ದು ಒಂದ ಪುಸ್ತಕರಿ. ಅದೊಂದ ಕೊಟ್ಟು ನಲವತ್ತು ಓದೀನಿ. ಈಗ ಏನ್ ಕೊಟ್ಟು ಏನ್ ತಗೊಳ್ಳಲಿ?” ಇದಕ್ಕೆ ಉತ್ತರ ನಿಮಗೆ ಹೊಳೆದರೆ ತಿಳಿಸಿ.

ಇನ್ನು ನನ್ನ ಸಂಗತಿ. ನನ್ನ ಅಕ್ಕ ಮಂದಾಕಿನಿ ಮತ್ತು ನಾನು ಒಂದೇ ಕಾದಂಬರಿಯನ್ನು ಓದಿ ಅದರ ಅಂಚಿನಲ್ಲೇ ಪೆನ್ಸಿಲಿನಿಂದ ಜಗಳವಾಡಿದ್ದೆವು. “ಇವನ್ನ ನಂಬಬ್ಯಾಡ, ಸುಳ್ಳ ಹೇಳಾಕತ್ತಾನ” ಎಂದು ಅವಳು ಬರೆದರೆ, ಕೆಳಗೆ ನಾನು “ನಿನಗ ಎಲ್ಲಾರೂ ಸುಳ್ಳರ” ಎಂದು ಬರೆಯುತ್ತಿದ್ದೆ. ನಾಯಕಿ ಮನೆ ಬಿಟ್ಟು ಹೋಗುವ ಪುಟದಲ್ಲಿ ಅಕ್ಕ ಕೇಳಿದ್ದಳು: “ನೀ ಆಗಿದ್ರ ಹೋಗ್ತಿದ್ದೇನ ಮೃಣಾಲಿ?” ನಾನು ಉತ್ತರ ಬರೆಯುವ ಮೊದಲೇ ಅವಳು ತೀರಿಹೋದಳು. ಅವಳ ಕೈಬರಹವೆಂದು ನನಗೆ ಉಳಿದದ್ದು ಅದಷ್ಟೇ. ಮಲ್ಲಿಕಾರ್ಜುನರು ಕೇಳಿದಾಗ ಕೊಡಲು ಮನಸ್ಸಿರಲಿಲ್ಲ, ಕಟ್ಟಳೆ ಎಂದು ಕೊಟ್ಟೆ. ಆಸ್ಪತ್ರೆ ಸೇರುವ ಮೊದಲು ಅವರು ಕೊನೆಯ ಸಲ ಫೋನ್ ಮಾಡಿ, “ಓದಿ ಮುಗಿಸೀನ್ರಿ, ಬಂದು ಒಯ್ರಿ. ಇದನ್ನ ಮಾತ್ರ ನಿಮ್ಮ ಮನ್ಯಾಗ ಇಟ್ಕೋರಿ” ಎಂದರು. “ಭಾನುವಾರ ಬರ್ತೀನಿ ಬಿಡ್ರಿ” ಎಂದೆ. ಆ ಮಾತು ಈಗಲೂ ನನ್ನನ್ನು ಸುಡುತ್ತದೆ.

ನಾನು ಪರಿಹಾರ ಕೇಳುತ್ತಿಲ್ಲ, ಕ್ಷಮೆಯನ್ನೂ ಕೇಳುತ್ತಿಲ್ಲ. ಆ ಚೀಲಗಳನ್ನು ರದ್ದಿಗೆ ಕೊಂಡೊಯ್ದ ಕಬಾಡಿಯವನ ಹೆಸರು, ವಿಳಾಸ ಬರೆದು ಕೊಡಿ. ಅಷ್ಟು ಸಾಕು. ಬೂದೆಪ್ಪ ಒಂದು ದಿನದ ಕೆಲಸ ಬಿಟ್ಟು ಬರುತ್ತಾನೆ. ಇಬ್ಬರೂ ಕೂತು ಗುಡ್ಡೆ ಕೆದಕುತ್ತೇವೆ. ಬೇಗ ಕೊಡಿ, ಕಾಗದ ಗಿರಣಿ ಸೇರುವ ಮೊದಲು. ಅಕ್ಕನಿಗೆ ನಾನಿನ್ನೂ ಉತ್ತರ ಬರೆದಿಲ್ಲ.

ಇಂತಿ,
ಸ್ವಂತ ಪುಸ್ತಕದ ಮೇಲೆ ಹೆಸರು ಬರೆಯದ ತಪ್ಪಿತಸ್ಥೆ
ಮೃಣಾಲಿನಿ
ಕಾಚಿಗೂಡ, ಹೈದರಾಬಾದ್