ಇಲಿಬಿಲ ಮುಚ್ಚಿದ ಅಪರಾಧಿಯಿಂದ ವಸತಿ ಅಧಿಕಾರಿಗಳಿಗೆ

ಮಾನ್ಯ ವಸತಿ ಅಧಿಕಾರಿಗಳೇ,

ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿದ್ದ ಇಲಿಬಿಲವನ್ನು ನಾನು ಮುಚ್ಚಿದ್ದು ಅಪರಾಧವೆಂದೂ, ‘ಗೋಡೆಯನ್ನು ಯಥಾಸ್ಥಿತಿಗೆ ತರತಕ್ಕದ್ದು’ ಎಂದೂ ತಮ್ಮ ಕಚೇರಿ ಅಪ್ಪಣೆ ಕೊಡಿಸಿದೆ. ಯಥಾಸ್ಥಿತಿಯೆಂದರೆ ಬಿಲ. ಇಲಿಗಳ ವಸತಿಯ ಬಗ್ಗೆ ಇಷ್ಟು ಕಾಳಜಿ ವಹಿಸುವ ಇಲಾಖೆಯೊಂದು ನಮ್ಮಲ್ಲಿದೆಯೆಂದು ನನಗೆ ತಿಳಿದಿರಲಿಲ್ಲ. ಅಭಿನಂದನೆಗಳು. ಆದರೆ ಬಾಡಿಗೆ ಕಟ್ಟುವವರು ನಾವಾದ್ದರಿಂದ, ನಮ್ಮ ಕಡೆಯ ಮಾತಿಗೂ ಒಂದಿಷ್ಟು ಕಿವಿಗೊಡಬೇಕು.

ನಾನು ದರ್ಜಿ. ನಾವಿರುವ ಮೇಲ್ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಗಿರಾಕಿಯೊಬ್ಬರ ಹೊಸ ಕೋಟಿನ ತೋಳನ್ನು ಇಲಿ ಅಳತೆಯನ್ನೂ ಕೇಳದೆ ಮೊಟಕು ಮಾಡಿದ ದಿನ ಮಾಲೀಕರ ಬಳಿ ಹೋದೆ. “ಇಲಿ ಯಾರ ಮನೇಲಿಲ್ಲಮ್ಮ? ನಾನು ನೋಡ್ಕೋತೀನಿ ಬಿಡು” ಎಂದರು. ನೋಡಿಕೊಂಡ ಬಗೆಯೂ ಸರಳ. ಸಿಂಕಿನ ಕೆಳಗೆ ಅಂಟು ಸವರಿದ ಹಲಗೆಯೊಂದನ್ನಿಟ್ಟು ಕೈತೊಳೆದುಕೊಂಡರು.

ನಮ್ಮ ಅತ್ತೆಗೂ ಇಲಿಗೂ ಎಣ್ಣೆ ಸೀಗೆಕಾಯಿ. ಪೊರಕೆ ಹಿಡಿದರೆಂದರೆ ಇಲಿಯೇನು, ನಾವೂ ದಾರಿ ಬಿಡುತ್ತೇವೆ. ಮರುದಿನ ಬೆಳಿಗ್ಗೆ ಹಲಗೆಯ ಮೇಲೆ ಇಲಿಯೊಂದು ಸಿಕ್ಕಿಬಿದ್ದಿತ್ತು. ಕಾಲುಗಳಷ್ಟೇ ಅಲ್ಲ, ಕೆನ್ನೆಯೂ ಅಂಟಿಕೊಂಡು, ಬಿಡಿಸಿಕೊಳ್ಳಲು ಎಳೆದೆಳೆದು ಕೂದಲು ಕಿತ್ತುಬಂದು, ಕಿರ್ರೆಂದು ಕೂಗುತ್ತಿತ್ತು. ಎತ್ತಿದ ಪೊರಕೆಯನ್ನು ಅತ್ತೆ ಮೆಲ್ಲಗೆ ಇಳಿಸಿದರು.

“ಸಾಯ್ಸೋದಾದ್ರೆ ಒಂದೇಟಿಗೆ ಸಾಯ್ಸಬೇಕು ಕಣೇ. ಹೀಗೆ ಅಂಟಿಸಿ ನರಳ್ಸೋದು ಯಾವ ನ್ಯಾಯ? ಅಡುಗೆ ಎಣ್ಣೆ ತಾ ಇಲ್ಲಿ.”

ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಒಂದೊಂದೇ ಪಾದಕ್ಕೆ ಎಣ್ಣೆ ಬಿಟ್ಟು, ಬೈಯುತ್ತಲೇ ಬಿಡಿಸಿದರು. ಬಿಡುಗಡೆಯಾದ ಇಲಿ ಹಿಂದಿರುಗಿಯೂ ನೋಡದೆ ಸಿಂಕಿನ ಕೊಳವೆಯ ಹಿಂದೆ ಮಾಯವಾಯಿತು. ಬಗ್ಗಿ ನೋಡಿದರೆ, ಅಲ್ಲಿ ಮುಷ್ಟಿ ತೂರುವಷ್ಟು ದೊಡ್ಡ ತೂತು! ಇಡೀ ಇಲಿವಂಶದ ಹೆದ್ದಾರಿ ಅದೇ.

ನಡೆದದ್ದನ್ನೆಲ್ಲ ಮಾಲೀಕರಿಗೆ ತಿಳಿಸಿ, ಅದನ್ನು ಮುಚ್ಚಿಸಿ ಎಂದೆ. “ಗೋಡೆ ನಂದು, ಮುಟ್ಟಿದ್ರೆ ಹುಷಾರ್! ಇಲಿಗೆ ಎಣ್ಣೆ ಹಚ್ಚಿ ಉಪಚಾರ ಮಾಡಿದ್ರೆ ಅದು ನೆಂಟರಿಷ್ಟರನ್ನೆಲ್ಲ ಕರ್ಕೊಂಡು ಬರ್ದೆ ಇನ್ನೇನು ಮಾಡುತ್ತೆ?” ಎಂದು ಗದರಿದರು. ಆಮೇಲೆ ಯಾರಿಗೂ ಸುಳಿವು ಕೊಡದೆ ಮೆಟ್ಟಿಲುಗಳುದ್ದಕ್ಕೂ ವಿಷದ ಕಾಳು ಚೆಲ್ಲಿಹೋದರು. ಗುಲಾಬಿ ಬಣ್ಣದವು. ಥೇಟ್ ಮಿಠಾಯಿ.

ಕೆಳಮನೆಯಲ್ಲಿ ಗಡಿಯಾರ ರಿಪೇರಿಯವರಿದ್ದಾರೆ. ಅವರ ಮೊಮ್ಮಗಳು ಆಗಷ್ಟೇ ನಡೆಯಲು ಕಲಿಯುತ್ತಿದ್ದಳು. ನಾನು ಬಟ್ಟೆಗಂಟು ಹೊತ್ತು ಒಳಗೆ ಬರುವಾಗ ಕೂಸು ಕೆಳಮೆಟ್ಟಿಲ ಮೇಲೆ ಕೂತು, ಬಿಗಿಮುಷ್ಟಿಯನ್ನು ಬಾಯಿಯತ್ತ ಒಯ್ಯುತ್ತಿತ್ತು. ಗಂಟು ಎಸೆದು ಓಡಿದೆ. ಮುಷ್ಟಿ ಬಿಡಿಸಿದರೆ ಗುಲಾಬಿ ಕಾಳು. ಒಂದಾದರೂ ಆಗಲೇ ಗಂಟಲಿಗಿಳಿದಿದೆಯೋ? ಯಾರಿಗೆ ಗೊತ್ತು? ತಾತ ಚಪ್ಪಲಿಯನ್ನೂ ಮೆಟ್ಟದೆ ಮಗುವನ್ನೆತ್ತಿಕೊಂಡು ನನ್ನೊಡನೆ ಆಸ್ಪತ್ರೆಗೆ ಓಡಿದರು. “ಯಾವ ವಿಷ?” ಎಂದು ವೈದ್ಯೆ ಕೇಳಿದರು. ಫೋನು ಮಾಡಿದರೆ ಮಾಲೀಕರ ಉತ್ತರ: “ಇಲಿ ವಿಷ. ಪ್ಯಾಕೆಟ್ಟು ಎಸೆದ್ಬಿಟ್ಟೆ.” ಸಂಜೆಯವರೆಗೂ ಮಗುವನ್ನು ಅಲ್ಲೇ ಇರಿಸಿಕೊಂಡು ಕಳಿಸಿದರು; ಮೂರನೆಯ ದಿನದ ರಕ್ತಪರೀಕ್ಷೆಯ ಮೇಲಷ್ಟೇ ಏನೂ ಆಗಿಲ್ಲವೆಂದು ಖಾತ್ರಿಯಾಯಿತು. ಇಲಿ ಇದೆಯೆಂದು ಮನೆಗೆ ಬೆಂಕಿ ಇಟ್ಟರಂತೆ ಎಂಬ ಗಾದೆ ಕೇಳಿದ್ದೆ. ಅಂಥವರ ಮನೆಯಲ್ಲೇ ಬಾಡಿಗೆಗಿದ್ದೇನೆಂದು ಅಂದು ತಿಳಿಯಿತು.

ತಮ್ಮ ಕಚೇರಿಗೂ ಬಂದಿದ್ದೆ. ಕಿಟಕಿಯ ಆಚೆಯವರು ತಲೆಯೆತ್ತದೆ ಹೇಳಿದರು: “ಇಲಿ ನಮ್ಮ ವ್ಯಾಪ್ತಿಗೆ ಬರಲ್ಲ. ಮಗೂಗೆ ಏನೂ ಆಗಿಲ್ವಲ್ಲ, ಮತ್ಯಾಕೆ ದೂರು?” ದೂರು ಕೊಡಲಿಕ್ಕೆ ಏನಾದರೂ ಆಗಲೇಬೇಕೆ, ಸ್ವಾಮೀ?

ಕಾಳನ್ನೆಲ್ಲ ಅಂದೇ ಗುಡಿಸಿ ತೆಗೆದಿದ್ದೆವು; ಈಗ ಮನೆಗೆ ಬಂದು ನಾವೇ ಕೆಲಸಕ್ಕಿಳಿದೆವು. ತಾತ ತೂತಿಗೆ ತಂತಿಜಾಲರಿ ತುರುಕಿದರು, ನಾನು ಗಾರೆ ಮೆತ್ತಿದೆ, ಅತ್ತೆ ಇಬ್ಬರನ್ನೂ ಬೈದು ಕೆಲಸ ಮುಗಿಸಿದರು. ಅಲ್ಲಿಗೆ ಇಲಿಗಳ ಸದ್ದಡಗಿತು. ಎದ್ದದ್ದು ಮಾಲೀಕರ ಸದ್ದು. ಅವರು ದೂರು ಕೊಟ್ಟದ್ದೇ ತಡ, ಇಲಿ, ವಿಷ, ಮಗು ಯಾವುದೂ ಬಾರದ ತಮ್ಮ ವ್ಯಾಪ್ತಿಗೆ ಗೋಡೆ ಮಾತ್ರ ಥಟ್ಟನೆ ಬಂತು.

ಇಲಿಗಳಿಗೆ ಸನ್ಮಾನ ಮಾಡಿ ಎಂದು ನಾನು ಕೇಳುತ್ತಿಲ್ಲ. ಅವು ನನಗೂ ಬೇಡ. ಆದರೆ ಬಾಡಿಗೆಗೆ ಕೊಡುವವರು ಮೊದಲು ಬಿಲ ಮುಚ್ಚಿಸಲಿ, ಕಸ ತೆಗೆಸಲಿ. ಅಂಟುಹಲಗೆ ನಿಷೇಧವಾಗಲಿ. ಬೇರೆ ದಾರಿಯೇ ಇಲ್ಲದೆ ವಿಷ ಇಡುವುದಾದರೆ, ಯಾವ ವಿಷ, ಎಲ್ಲಿ, ಯಾವಾಗ ಎಂದು ಪ್ರತಿ ಮನೆಗೂ ಮುಂಚೆಯೇ ತಿಳಿಸಿ, ಮಕ್ಕಳ ಕೈಗೆಟುಕದ ಮುಚ್ಚಿದ ಪೆಟ್ಟಿಗೆಯಲ್ಲಿಡಲಿ. ಇದನ್ನು ನಿಯಮ ಮಾಡಿ; ನನ್ನ ಮೇಲಿನ ಅಪ್ಪಣೆಯನ್ನು ಹಿಂದಕ್ಕೆ ಪಡೆಯಿರಿ. ಗಾರೆಯನ್ನಂತೂ ನಾನು ಕೆಡವುವುದಿಲ್ಲ.

ಕೆಳಮನೆಯ ಮಗು ಈಗ ಮೇಲಿನವರೆಗೂ ಬರುತ್ತದೆ, ಒಂದೊಂದು ಮೆಟ್ಟಿಲಿಗೂ ಎರಡೂ ಕೈಯೂರಿ. ಆ ಕೈಗಳ ಕೆಳಗೆ ಏನಿರಬಾರದು ಎಂಬುದನ್ನು ತಾವು ತೀರ್ಮಾನಿಸಿದರೆ ಸಾಕು.

ಇಂತಿ,
ತಮ್ಮ ಕಡತದಲ್ಲಿ ಅಪರಾಧಿ, ಅತ್ತೆಯ ಕಣ್ಣಲ್ಲಿ ಗಾರೆ ಮೆತ್ತಲೂ ಬಾರದವಳು,
ಮೇಲ್ಮನೆಯ ದರ್ಜಿ